ಮಕ್ಕಳಿಗೆ ಕೊಟ್ಟ ಮಾತು

ನೀವು ಯಾರಿಗಾದರೂ ಒಂದು ಸಾವಿರ ರೂಪಾಯಿ ಕೊಡಲು ಬಾಕಿಯಿದ್ದರೆ ಅದು ನಿಮಗೆ ನೆನಪಿರುತ್ತದೆ. ಆತ ದಾರಿಯಲ್ಲಿ ಎದುರಾದರೆ ತಲೆ ತಾನಾಗಿಯೇ ತಗ್ಗುತ್ತದೆ. ಸಾಲ ಉಳಿಸಿ ಮೃತನಾದ ವ್ಯಕ್ತಿಯ ಜನಾಝ ನಮಾಝ್‌ಗೆ ಪ್ರವಾದಿವರ್ಯರು(ಸ) ನಿಲ್ಲದೆ, ಒಬ್ಬ ಸಹಾಬಿ ಆ ಸಾಲದ ಹೊಣೆ ಹೊತ್ತ ನಂತರವೇ ನಿಂತ ಘಟನೆಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಆದರೆ ಕಳೆದ ಒಂದು ವಾರದಲ್ಲಿ ನಿಮ್ಮ ಮಗುವಿಗೆ ಏನೇನು ಮಾತು ಕೊಟ್ಟಿರಿ? ಅದರಲ್ಲಿ ಎಷ್ಟನ್ನು ತೀರಿಸಿದಿರಿ? ಎಷ್ಟು ಬಾಕಿ ಇದೆ?

ನೆನಪಿಲ್ಲ ಎಂದು ನೀವು ಹೇಳಿದರೆ ನಾನು ಆಕ್ಷೇಪಿಸುವುದಿಲ್ಲ. ನನಗೂ ನೆನಪಿರುತ್ತಿರಲಿಲ್ಲ. ಅದು ನೆನಪಿಡಬೇಕಾದ ಲೆಕ್ಕವೆಂದೇ ನನಗೆ ತೋರಿರಲಿಲ್ಲ. ‘ನಾಳೆ ತರುತ್ತೇನೆ’, ‘ಆಮೇಲೆ ಹೋಗೋಣ’, ‘ಮುಂದಿನ ವಾರ ನೋಡೋಣ’ ಇತ್ಯಾದಿ ಮಾತುಗಳು ಮಗುವಿನ ಹಟವನ್ನು ಶಮನಗೊಳಿಸುವ ಮದ್ದುಗಳೆಂದೇ ನಾನು ತಿಳಿದಿದ್ದೆ. ಅವೂ ವಾಗ್ದಾನಗಳೇ ಎಂದು ನನಗೆ ಕಲಿಸಿದ್ದು ಗ್ರಂಥಗಳಲ್ಲ. ಗ್ರಂಥಗಳಲ್ಲಿ ಅದು ಇತ್ತು, ನಾನು ಓದಿಯೂ ಇದ್ದೆ. ಆದರೆ ಓದಿದ್ದು ಒಳಗಿಳಿಯಲು 2020ನೆಯ ಇಸವಿಯ ಲಾಕ್‌ಡೌನ್ ಬರಬೇಕಾಯಿತು.

ಆಗ ನನ್ನ ಮಗನಿಗೆ ಏಳು ವರ್ಷ, ಮಗಳಿಗೆ ನಾಲ್ಕು. ನಾವು ಉಳ್ಳಾಲದ ಕಡೆಯವರು. ಪತ್ನಿಯ ತವರುಮನೆ ಮಂಜೇಶ್ವರದಲ್ಲಿದೆ. ತಲಪಾಡಿಯಲ್ಲಿ ಗಡಿ ದಾಟಿದರೆ ಆಯಿತು, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಗಡಿಯೆಂದರೆ ನಮ್ಮ ಪಾಲಿಗೆ ಅಂಗಡಿಗಳ ಬೋರ್ಡಿನ ಲಿಪಿ ಬದಲಾಗುವ ಜಾಗವಾಗಿತ್ತೇ ಹೊರತು ಬೇರೇನೂ ಆಗಿರಲಿಲ್ಲ. ಶಾಲೆಗೆ ರಜೆ ಸಿಕ್ಕಿದೊಡನೆ ಮಕ್ಕಳು ಅಜ್ಜಿಯ ಮನೆಗೆ ಹೋಗುವುದು ವಾಡಿಕೆ. ಆ ವರ್ಷ ಕೊರೋನಾ ನಿಮಿತ್ತ ರಜೆ ಬೇಗನೆ ಸಿಕ್ಕಿತು. ‘ಈ ವಾರ ಬೇಡ, ಮುಂದಿನ ವಾರ ಕಳಿಸುತ್ತೇನೆ’ ಎಂದು ನಾನೇ ತಡೆದಿದ್ದೆ. ಮುಂದಿನ ವಾರ ಬರುವಷ್ಟರಲ್ಲಿ, ಮಾರ್ಚ್ 24ರ ರಾತ್ರಿ, ಇಡೀ ದೇಶಕ್ಕೆ 21 ದಿನಗಳ ಲಾಕ್‌ಡೌನ್ ಘೋಷಿಸಲಾಯಿತು.

ಆ ರಾತ್ರಿ ಮಗನಿಗೆ ಅಳು ಬಂತು. ನಾನು ಅಡುಗೆ ಕೋಣೆಯ ಗೋಡೆಯಿಂದ ಕ್ಯಾಲೆಂಡರ್ ಇಳಿಸಿ, ಅವನನ್ನು ತೊಡೆಯಲ್ಲಿ ಕೂರಿಸಿಕೊಂಡು, ಏಪ್ರಿಲ್ 15ರ ಸುತ್ತ ಪೆನ್ಸಿಲಿನಿಂದ ಒಂದು ಸುತ್ತು ಹಾಕಿದೆ. “ಬುಧವಾರ ಬೆಳಗ್ಗೆ ನಾವು ಅಜ್ಜಿಯ ಮನೆಯಲ್ಲಿ ಇರುತ್ತೇವೆ. ದಿನಕ್ಕೊಂದು ಅಂಕಿ ನೀನೇ ಹೊಡೆದು ಹಾಕು” ಎಂದೆ. ಮಗುವಿಗೆ ಸಹನೆ ಕಲಿಸುವ ಒಳ್ಳೆಯ ಉಪಾಯ ಹೊಳೆಯಿತೆಂದು ನನಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು.

ನೀವು ಯೋಚಿಸಿ ನೋಡಿ. ಅದಕ್ಕೆ ಮೊದಲು ಆ ಹುಡುಗ ತನ್ನ ತಂದೆಯನ್ನು ಕಂಡದ್ದು ದಿನಕ್ಕೆ ಎಷ್ಟು ಹೊತ್ತು? ನಾನು ಸುಬ್‌ಹಿಯ ಹೊತ್ತಿಗೆ ಮನೆ ಬಿಟ್ಟು ಪಕ್ಕದ ಊರಿನ ಮದ್ರಸ, ಅಲ್ಲಿಂದ ಶಾಲೆಯಲ್ಲಿ ಕನ್ನಡ ಪಾಠ, ಮಗ್ರಿಬ್ ಬಳಿಕ ಮತ್ತೆರಡು ಮನೆಗಳಲ್ಲಿ ಟ್ಯೂಷನ್ ಎಂದು ಮುಗಿಸಿ ಬರುವಾಗ ಅವನು ಅರ್ಧ ನಿದ್ದೆಯಲ್ಲಿರುತ್ತಿದ್ದ. ಕಿಸೆಯಲ್ಲಿ ಒಂದು ಮಿಠಾಯಿ ಇದ್ದರೆ ನಾನು ಒಳ್ಳೆಯ ತಂದೆ. ಲಾಕ್‌ಡೌನ್ ಬಂದಾಗ ಎರಡು ಕೋಣೆಯ ಮನೆಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ನಾನು ಅವನ ಕಣ್ಣೆದುರಿಗೇ ಇದ್ದೆ. ಮೊದಲ ವಾರ ಹಬ್ಬದಂತಿತ್ತು. ಜಮಾಅತ್ ನಮಾಝ್ ಮನೆಯಲ್ಲೇ. ನಾನು ಇಮಾಮ್, ಅವನು ಮುಅದ್ದಿನ್. ಇಖಾಮತ್ ಕೊಡುವಾಗ ಅವನ ಧ್ವನಿ ಪಕ್ಕದ ಮನೆಗೂ ಕೇಳಿಸುತ್ತಿತ್ತು. ಎರಡನೆಯ ವಾರದಿಂದ ಅವನು ನನ್ನನ್ನು ಗಮನಿಸತೊಡಗಿದ. ದಿನಸಿ ಅಂಗಡಿಯವರು ಬಾಕಿ ಹಣಕ್ಕಾಗಿ ಫೋನ್ ಮಾಡುತ್ತಿದ್ದರು. ‘ಮನೆಯಲ್ಲಿಲ್ಲ’ ಎಂಬ ನಮ್ಮ ಸಮುದಾಯದ ಹಳೆಯ ಸುಳ್ಳು ಆ ದಿನಗಳಲ್ಲಿ ನಡೆಯುವಂತಿರಲಿಲ್ಲ. ಇಡೀ ಜಗತ್ತೇ ಮನೆಯಲ್ಲಿತ್ತಲ್ಲ! ಆದ್ದರಿಂದ “ಮುಂದಿನ ವಾರ ಖಂಡಿತ ಕೊಡುತ್ತೇನೆ, ಇನ್‌ಶಾ ಅಲ್ಲಾಹ್” ಎನ್ನುತ್ತಿದ್ದೆ. ಮುಂದಿನ ವಾರ ಎಲ್ಲಿಂದ ಬರುತ್ತದೆಂದು ನನಗೇ ತಿಳಿದಿರಲಿಲ್ಲ. ಮಗ ಪಕ್ಕದಲ್ಲಿ ಕುಳಿತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದ. ಮಕ್ಕಳು ಬಣ್ಣ ತುಂಬುತ್ತಿರುವಾಗ ಕಿವಿ ಮುಚ್ಚಿರುತ್ತದೆಂದು ನಾವು ಯಾಕೆ ಭಾವಿಸುತ್ತೇವೆಯೋ!

ಏಪ್ರಿಲ್ 14ರಂದು ಲಾಕ್‌ಡೌನ್ ಮೇ 3ರ ತನಕ ಮುಂದುವರಿಯಿತು. ಅಷ್ಟರಲ್ಲಿ ತಲಪಾಡಿಯ ಗಡಿಯೂ ಬಂದ್ ಆಗಿ, ಒಳದಾರಿಗಳಿಗೆ ಮಣ್ಣು ಸುರಿದು ತಡೆ ಹಾಕಲಾಗಿತ್ತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡು ಜಿಲ್ಲೆಯ ರೋಗಿಗಳು ಆಚೆ ಬದಿಯಲ್ಲಿ ಸಿಕ್ಕಿಕೊಂಡರು. ವಿಷಯ ಕೇರಳದ ಹೈಕೋರ್ಟನ್ನೂ ಸುಪ್ರೀಂ ಕೋರ್ಟನ್ನೂ ತಲುಪಿತು. ನನ್ನ ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಅವರು ತೋರಿಸುತ್ತಿದ್ದದ್ದೂ ಮಂಗಳೂರಿನಲ್ಲೇ. ಪತ್ನಿ ರಾತ್ರಿ ಅಡುಗೆ ಕೋಣೆಯಲ್ಲಿ ಬೆನ್ನು ತಿರುಗಿಸಿ ನಿಂತು ತಾಯಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು. ಇದನ್ನೆಲ್ಲ ಏಳು ವರ್ಷದ ಹುಡುಗನಿಗೆ ಹೇಗೆ ಹೇಳುವುದು? ನಾನು ರಬ್ಬರಿನಿಂದ ಹಳೆಯ ಸುತ್ತನ್ನು ಅಳಿಸಿ ಮೇ 4ಕ್ಕೆ ಹೊಸ ಸುತ್ತು ಹಾಕಿದೆ. “ಈ ಸಲ ಖಂಡಿತ” ಎಂದೆ. ಮೇ ಮೊದಲ ದಿನ ಅದು 17ಕ್ಕೆ ಹೋಯಿತು. ಮತ್ತೆ ರಬ್ಬರ್ ಹುಡುಕಿದೆ. ಮಗ, “ಬೇಡ ಅಬ್ಬಾ, ಕಾಗದ ಹರಿಯುತ್ತದೆ” ಎಂದ. ಅಂಕಿ ಹೊಡೆಯುವುದನ್ನು ಅವನು ಅದಕ್ಕೆ ಮೊದಲೇ ನಿಲ್ಲಿಸಿದ್ದನೆಂದು ನಾನು ಆಗ ನೋಡಿದೆ.

ರಮಝಾನ್ ಏಪ್ರಿಲ್ 24ರಂದೇ ಆರಂಭವಾಗಿತ್ತು. ಮೇ 4ರ ನಂತರ ನಮ್ಮಲ್ಲಿ ಅಂಗಡಿಗಳು ಒಂದೊಂದಾಗಿ ಬಾಗಿಲು ತೆರೆದವು. ಹಬ್ಬಕ್ಕೆ ಹೊಸ ಬಟ್ಟೆ ತರುವಿರಾ ಎಂದು ಮಗ ಕೇಳಿದ. ಶಾಲೆಯಿಂದ ಏಪ್ರಿಲ್‌ನಲ್ಲಿ ಅರ್ಧ ಸಂಬಳ ಬಂದಿತ್ತು, ಮೇ ತಿಂಗಳದ್ದು ಬರುವುದಿಲ್ಲವೆಂದು ತಿಳಿಸಿದ್ದರು. ಮಸೀದಿಗೆ ಜನರೇ ಇಲ್ಲದಿದ್ದ ಮೇಲೆ ಮದ್ರಸದ ಸಂಬಳ ಎಲ್ಲಿಂದ? ಬಟ್ಟೆ ತರುವುದಿಲ್ಲವೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ನಾನು ಹೇಳಿದ್ದು, “ಇನ್‌ಶಾ ಅಲ್ಲಾಹ್.”

ಸ್ವಲ್ಪ ಹೊತ್ತಿನ ನಂತರ ಚಾವಡಿಯಿಂದ ಮಗಳ ಧ್ವನಿ ಕೇಳಿಸಿತು. ತನಗೂ ಬಟ್ಟೆ ಬರುತ್ತದೆಯೇ ಎಂದು ಅಣ್ಣನನ್ನು ಕೇಳುತ್ತಿದ್ದಳು. ಅವನು ಉತ್ತರಿಸಿದ: “ಅಬ್ಬಾ ಇನ್‌ಶಾ ಅಲ್ಲಾಹ್ ಅಂದರು. ಅಂದರೆ ಇಲ್ಲ ಅಂತ.”

ಅವನ ಮಾತಿನಲ್ಲಿ ಕೋಪವಿರಲಿಲ್ಲ, ದೂರೂ ಇರಲಿಲ್ಲ. ಚಿಕ್ಕ ತರಗತಿಯ ಮಕ್ಕಳಿಗೆ ಉಸ್ತಾದರು ಅರಬಿ ಪದದ ಅರ್ಥ ಹೇಳಿಕೊಡುವಂತೆ ಅವನು ತಂಗಿಗೆ ಅರ್ಥ ಹೇಳಿಕೊಟ್ಟ. ಹನ್ನೆರಡು ವರ್ಷ ದೀನಿ ವಿದ್ಯೆ ಕಲಿತು, ಎಷ್ಟೋ ಮಕ್ಕಳಿಗೆ ಆ ಪವಿತ್ರ ವಾಕ್ಯದ ಅರ್ಥ ಬಾಯಿಪಾಠ ಮಾಡಿಸಿದವನ ಮನೆಯಲ್ಲಿ, ಅವನ ಮಗನಿಗೆ ತಿಳಿದಿದ್ದ ಅರ್ಥ ಇದು. ಇದನ್ನು ಅವನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ.

ಮರುದಿನ ಶುಕ್ರವಾರ. ಜುಮುಅ ಇಲ್ಲದ ಶುಕ್ರವಾರಗಳು ಹೇಗಿದ್ದವೆಂದು ನಿಮಗೆ ನೆನಪಿರಬಹುದು. ಮನೆಯಲ್ಲೇ ಳುಹರ್ ಮುಗಿಸಿ ನಾನು ಸೂರಃ ಅಲ್‌ಕಹ್ಫ್ ಓದಲು ಕುಳಿತೆ. ಅದರ ಇಪ್ಪತ್ತಮೂರು, ಇಪ್ಪತ್ತನಾಲ್ಕನೆಯ ಸೂಕ್ತಗಳ ಆಶಯ ಎಲ್ಲರಿಗೂ ತಿಳಿದದ್ದೇ: ಯಾವ ಕಾರ್ಯದ ಬಗ್ಗೆಯೂ ಅಲ್ಲಾಹನ ಇಚ್ಛೆಯನ್ನು ಸೇರಿಸದೆ ನಾಳೆ ಮಾಡುವೆನೆಂದು ಹೇಳಬಾರದು. ಇದರ ಹಿನ್ನೆಲೆಯಾಗಿ ಸೀರಾ ಗ್ರಂಥಗಳು ಹೇಳುವುದೇನೆಂದರೆ, ಕುರೈಷರು ಗುಹೆಯ ಯುವಕರ ಬಗೆಗೂ ಇನ್ನಿತರ ಪ್ರಶ್ನೆಗಳನ್ನೂ ಕೇಳಿದಾಗ ಪ್ರವಾದಿವರ್ಯರು(ಸ) ನಾಳೆ ಉತ್ತರಿಸುವೆನೆಂದರು. ಆದರೆ ದಿವ್ಯವಾಣಿ ಹದಿನೈದು ದಿನಗಳ ಕಾಲ ಬರಲಿಲ್ಲ. ವಿರೋಧಿಗಳು ಆಡಿಕೊಂಡರು. ಆ ದಿನಗಳು ಅವರಿಗೆ ಅತ್ಯಂತ ಕಠಿಣವಾಗಿದ್ದವು.

ಎಷ್ಟು ಸಲ ಈ ಭಾಗವನ್ನು ಪಾಠ ಮಾಡಿದ್ದೇನೋ! ಆ ದಿನ ಮಾತ್ರ ಅದು ಬೇರೆಯಾಗಿ ಕಂಡಿತು. ಅಲ್ಲಿ ಮಾಡುವ ಸಂಕಲ್ಪ ಪೂರ್ಣವಾಗಿತ್ತು, ಅಲ್ಲಾಹನ ಇಚ್ಛೆಯ ಉಲ್ಲೇಖವೊಂದು ಉಳಿದುಹೋಗಿತ್ತು. ನಮ್ಮಲ್ಲಿ ಅಲ್ಲಾಹನ ಇಚ್ಛೆಯ ಉಲ್ಲೇಖ ಧಾರಾಳವಾಗಿದೆ, ಸಂಕಲ್ಪವೇ ಇಲ್ಲ! ನಾಳೆಯ ಮೇಲೆ ಮನುಷ್ಯನಿಗೆ ಅಧಿಕಾರವಿಲ್ಲವೆಂದು ನೆನಪಿಸಲು ಬಂದ ವಾಕ್ಯವನ್ನು ನಾವು, ಇಂದು ನನ್ನ ಮೇಲೆ ಹೊಣೆಯಿಲ್ಲವೆಂದು ಹೇಳಲು ಬಳಸುತ್ತೇವೆ. ಬೇಡದ ಆಮಂತ್ರಣಕ್ಕೆ ಇನ್‌ಶಾ ಅಲ್ಲಾಹ್, ಕೊಡಲು ಮನಸ್ಸಿಲ್ಲದ ಚಂದಾಕ್ಕೆ ಇನ್‌ಶಾ ಅಲ್ಲಾಹ್, ಹಟ ಮಾಡುವ ಮಗುವಿಗೆ ಇನ್‌ಶಾ ಅಲ್ಲಾಹ್. ನಮ್ಮ ಸೋಮಾರಿತನಕ್ಕೆ ಅಲ್ಲಾಹನನ್ನು ಜಾಮೀನು ನಿಲ್ಲಿಸುವುದೆಂದರೆ ಇದೇ ಅಲ್ಲವೇ?

ಇಮಾಮ್ ಗಝ್ಝಾಲಿ(ರ) ‘ಇಹ್ಯಾ ಉಲೂಮುದ್ದೀನ್’ನಲ್ಲಿ ನಾಲಗೆಯ ವಿಪತ್ತುಗಳನ್ನು ವಿವರಿಸುವಾಗ ಸುಳ್ಳು ವಾಗ್ದಾನಕ್ಕೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟಿದ್ದಾರೆ. ಹ. ಇಬ್ನು ಮಸ್‌ಊದ್(ರ) ಇನ್‌ಶಾ ಅಲ್ಲಾಹ್ ಎನ್ನದೆ ಯಾವ ಮಾತನ್ನೂ ಕೊಡುತ್ತಿರಲಿಲ್ಲವೆಂದು ಅವರು ಉಲ್ಲೇಖಿಸಿ, ಅದೇ ಉತ್ತಮವೆನ್ನುತ್ತಾರೆ. ಆದರೆ ಅಲ್ಲಿಗೇ ಬಿಡುವುದಿಲ್ಲ. ಹಾಗೆ ಹೇಳಿದಾಗಲೂ ಕೇಳುವವನಿಗೆ ಅದು ದೃಢವಾದ ಮಾತೆಂದು ಅರ್ಥವಾದರೆ, ಅಸಾಧ್ಯವಾದ ಹೊರತು ಪಾಲಿಸಲೇಬೇಕು. ಮಾತು ಕೊಡುವ ಕ್ಷಣದಲ್ಲೇ ಪಾಲಿಸಬಾರದೆಂಬ ನಿರ್ಧಾರ ಮನದಲ್ಲಿದ್ದರೆ ಅದುವೇ ಕಪಟ. ಪಾಲಿಸುವ ಸಂಕಲ್ಪವಿದ್ದು, ಕಾರಣವೊಂದು ಅಡ್ಡಬಂದು ತಪ್ಪಿದವನು ಕಪಟಿಯಲ್ಲ. ಆದರೂ ಕಪಟದ ಹೋಲಿಕೆಯಿಂದಲೂ ಅವನು ದೂರ ನಿಲ್ಲಬೇಕೆಂದು ಎಚ್ಚರಿಸುತ್ತಾರೆ.

ಇದನ್ನು ಓದಿದ ಮೇಲೆ ನನ್ನ ಲೆಕ್ಕವನ್ನು ನಾನೇ ತೆಗೆದೆ. ಏಪ್ರಿಲ್ 15ಕ್ಕೆ ಹಾಕಿದ ಮೊದಲ ಸುತ್ತು ಸುಳ್ಳೇ? ಅಲ್ಲ. ನಾನು ಹೋಗಲೇಬೇಕೆಂದಿದ್ದೆ, ಸರಕಾರವೂ ಆ ದಿನಾಂಕವನ್ನೇ ಹೇಳಿತ್ತು. ಆದರೆ ಇನ್‌ಶಾ ಅಲ್ಲಾಹ್ ಎನ್ನದೆ, ನಾಳೆ ನನ್ನ ಕೈಯಲ್ಲಿದೆ ಎಂಬಂತೆ ಹೇಳಿದ್ದೆ. ಆ ಪವಿತ್ರ ವಾಕ್ಯ ನಿಜವಾಗಿ ಬೇಕಾಗಿದ್ದ ಜಾಗದಲ್ಲಿ ನಾನು ಅದನ್ನು ಹೇಳಲಿಲ್ಲ! ಮೇ 4ರ ಎರಡನೆಯ ಸುತ್ತಿನ ವಿಷಯ ಅಷ್ಟು ಸುಲಭವಲ್ಲ. ಗಡಿಯಲ್ಲಿ ಮಣ್ಣು ಬಿದ್ದಿರುವುದು ನನಗೆ ತಿಳಿದಿತ್ತು. ತೆರೆಯುವುದು ಯಾವಾಗೆಂದು ಯಾರಿಗೂ ತಿಳಿದಿಲ್ಲವೆಂಬುದೂ ತಿಳಿದಿತ್ತು. ಆದರೂ ‘ಖಂಡಿತ’ ಎಂದೆ. ತಿಳಿಯದ್ದನ್ನು ತಿಳಿದಂತೆ ಹೇಳುವುದಕ್ಕೆ ಯಾವ ಹೆಸರು ಕೊಡಬೇಕೆಂದು ನಾನು ಈಗಲೂ ಯೋಚಿಸುತ್ತಿದ್ದೇನೆ. ಬಟ್ಟೆಯ ವಿಷಯದಲ್ಲಂತೂ ಯೋಚಿಸಲು ಏನೂ ಉಳಿದಿಲ್ಲ. ಮನಸ್ಸಿನಲ್ಲಿ ‘ಇಲ್ಲ’ ಎಂದಿಟ್ಟುಕೊಂಡು ಬಾಯಲ್ಲಿ ಅಲ್ಲಾಹನ ಹೆಸರು ತಂದಿದ್ದೆ. ಏಳು ವರ್ಷದ ಹುಡುಗ ಅದನ್ನು ಸರಿಯಾಗಿ ಅನುವಾದಿಸಿದ.

ಅಬೂದಾವೂದ್ ಹದೀಸ್ ಗ್ರಂಥದಲ್ಲಿ ಒಂದು ಮನೆಯ ಚಿತ್ರವಿದೆ. ಹ. ಅಬ್ದುಲ್ಲಾ ಬಿನ್ ಆಮಿರ್(ರ) ಚಿಕ್ಕವರಿದ್ದಾಗ ನಡೆದದ್ದು. ಪ್ರವಾದಿವರ್ಯರು(ಸ) ಅವರ ಮನೆಯಲ್ಲಿ ಕುಳಿತಿದ್ದರು. ತಾಯಿ ಮಗುವನ್ನು ಏನೋ ಕೊಡುವೆನೆಂದು ಹೇಳಿ ಕರೆದರು. ಏನು ಕೊಡಬೇಕೆಂದಿರುವೆ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಖರ್ಜೂರ ಎಂದು ಆಕೆ ಉತ್ತರಿಸಿದರು. ಏನನ್ನೂ ಕೊಡದೆ ಇದ್ದಿದ್ದರೆ ಅದು ನಿನ್ನ ಹೆಸರಿನಲ್ಲಿ ಒಂದು ಸುಳ್ಳಾಗಿ ದಾಖಲಾಗುತ್ತಿತ್ತು ಎಂದು ಅವರು(ಸ) ತಿಳಿಸಿದರು. ಒಂದು ಖರ್ಜೂರ! ನಮ್ಮ ಮನೆಗಳಲ್ಲಿ ಮಗುವನ್ನು ಕರೆಯಲು ಬರಿಗೈಯನ್ನು ಮುಷ್ಟಿ ಮಾಡಿ ತೋರಿಸದ ತಾಯಿ ತಂದೆ ಎಷ್ಟು ಮಂದಿ ಇದ್ದೇವೆ?

ಇಲ್ಲಿ ಒಂದು ಆಕ್ಷೇಪವಿದೆ. ನನ್ನ ತಾಯಿಯವರೇ ಅದನ್ನು ಎತ್ತಿದರು. ಮಕ್ಕಳಿಗೆ ಎಲ್ಲವನ್ನೂ ಹೇಳಬಾರದು, ಅವು ಹೆದರುತ್ತವೆ, ದೊಡ್ಡವರ ಕಷ್ಟವನ್ನು ಎಳೆಯ ಹೆಗಲಿಗೆ ಹೊರಿಸುವುದೂ ಅನ್ಯಾಯವೇ ಎಂಬುದು ಅವರ ವಾದ. ಇದರಲ್ಲಿ ನಿಜಾಂಶವಿದೆ. ಸಾಲದ ಮೊತ್ತ, ಅಜ್ಜಿಯ ಸಕ್ಕರೆಯ ಪ್ರಮಾಣ, ಆ ದಿನಗಳಲ್ಲಿ ಟಿ.ವಿ.ಯಲ್ಲಿ ನಮ್ಮ ಸಮುದಾಯದ ಬಗ್ಗೆ ಕೇಳಿಬರುತ್ತಿದ್ದ ಮಾತುಗಳು, ಇವನ್ನೆಲ್ಲ ಮಗುವಿನ ಮುಂದೆ ಸುರಿಯಬೇಕೆಂದು ನಾನು ಹೇಳುವುದಿಲ್ಲ. ಹೇಳದಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಇನ್ನು ಹೆದರಿಕೆಯ ವಿಷಯ. ನನ್ನ ಮಗ ಮೊದಲೇ ಹೆದರಿದ್ದ. ತಾಯಿ ರಾತ್ರಿ ಅಡುಗೆ ಕೋಣೆಯಲ್ಲಿ ಅಳುವುದನ್ನು ಅವನು ಕೇಳಿದ್ದ. ಬೆಳಗಾದ ಮೇಲೆ ತಂದೆ ನಗುತ್ತಾ ‘ಮುಂದಿನ ವಾರ ಹೋಗೋಣ’ ಎನ್ನುತ್ತಿದ್ದ. ಈ ಎರಡನ್ನೂ ಹೊಂದಿಸಿಕೊಳ್ಳುವ ಕೆಲಸವನ್ನು ನಾನು ಅವನೊಬ್ಬನಿಗೇ ಬಿಟ್ಟಿದ್ದೆ.

ಪ್ರವಾದಿವರ್ಯರು(ಸ) ದುಃಖಿತ ಮಗುವಿನೊಡನೆ ಹೇಗಿದ್ದರು? ಹ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಹಕ್ಕಿಯೊಡನೆ ಆಡುತ್ತಿದ್ದನು, ಅದು ಸತ್ತುಹೋಯಿತು. ಪ್ರವಾದಿವರ್ಯರು(ಸ) ಅವನನ್ನು ಅಕ್ಕರೆಯಿಂದ ಹೆಸರಿಟ್ಟು ಕರೆದು ಹಕ್ಕಿ ಏನಾಯಿತೆಂದು ವಿಚಾರಿಸಿದರು. ಹದೀಸ್‌ನಲ್ಲಿ ನಮಗೆ ಸಿಗುವುದು ಇಷ್ಟೇ. ಹಕ್ಕಿ ಹಾರಿಹೋಗಿದೆ, ನಾಳೆ ಬರುತ್ತದೆ ಎಂಬಂತಹ ಸಮಾಧಾನ ಅಲ್ಲಿಲ್ಲ. ಮಗುವಿನ ದುಃಖವನ್ನು ದುಃಖವೆಂದೇ ಒಪ್ಪಿ ಅದರ ಬಳಿ ಕುಳಿತುಕೊಳ್ಳುವುದು ಮಾತ್ರ.

ಅಂದು ರಾತ್ರಿ ತರಾವೀಹ್ ಮುಗಿದ ಮೇಲೆ ನಾನು ಮಗನನ್ನು ಕೂರಿಸಿಕೊಂಡೆ. ಈ ಹಬ್ಬಕ್ಕೆ ಬಟ್ಟೆ ಇಲ್ಲ, ಹಣವಿಲ್ಲ ಎಂದೆ. ಗಡಿ ಯಾವಾಗ ತೆರೆಯುತ್ತದೆಂದು ನನಗೆ ಗೊತ್ತಿಲ್ಲ ಎಂದೆ. ಒಬ್ಬ ತಂದೆಗೆ, ಅದರಲ್ಲೂ ಒಬ್ಬ ಉಸ್ತಾದನಿಗೆ, ‘ನನಗೆ ಗೊತ್ತಿಲ್ಲ’ ಎನ್ನುವುದು ಎಷ್ಟು ಕಷ್ಟವೆಂದು ಪ್ರಯತ್ನಿಸಿ ನೋಡಿದರೆ ನಿಮಗೆ ತಿಳಿಯುತ್ತದೆ. ಅವನು ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾಳೆ ಸಹರಿಗೆ ಎಬ್ಬಿಸುತ್ತೀರಾ?” ಎಂದು ಕೇಳಿದ.

ಇದೂ ಒಂದು ಹಳೆಯ ಬಾಕಿ. ರಮಝಾನ್ ಆರಂಭದಿಂದ ಅವನು ದಿನವೂ ಕೇಳುತ್ತಿದ್ದ. ನಾನು ಆಯಿತೆನ್ನುತ್ತಿದ್ದೆ. ಮಲಗಿದ ಮುಖ ನೋಡಿ ಕನಿಕರವೆನಿಸಿ ಎಬ್ಬಿಸುತ್ತಿರಲಿಲ್ಲ. ಬೆಳಗ್ಗೆ, “ಎಬ್ಬಿಸಿದೆ, ನೀನೇ ಏಳಲಿಲ್ಲ” ಎನ್ನುತ್ತಿದ್ದೆ. ಈ ಸುಳ್ಳು ಹೇಳದ ಮುಸ್ಲಿಂ ಮನೆಯೊಂದು ನಮ್ಮ ಜಿಲ್ಲೆಯಲ್ಲಿದ್ದರೆ ದಯವಿಟ್ಟು ನನಗೆ ತಿಳಿಸಿ!

“ಎಬ್ಬಿಸುತ್ತೇನೆ, ಇನ್‌ಶಾ ಅಲ್ಲಾಹ್” ಎಂದೆ. ಅವನು ನನ್ನ ಮುಖ ನೋಡಿದ. ನಾನು ಮತ್ತೊಮ್ಮೆ ಹೇಳಲಿಲ್ಲ. ನಾಲ್ಕು ಗಂಟೆಗೆ ಅವನನ್ನು ಎತ್ತಿ ಕೂರಿಸಿದೆ. ಕಣ್ಣು ಮುಚ್ಚಿಕೊಂಡೇ ಎರಡು ತುತ್ತು ಗಂಜಿ ಉಂಡು, ನಿಯ್ಯತ್ತನ್ನು ತೊದಲುತ್ತಾ ಹೇಳಿ, ಅಲ್ಲೇ ಗೋಡೆಗೊರಗಿ ನಿದ್ದೆ ಹೋದ. ಉಪವಾಸ ಹನ್ನೊಂದು ಗಂಟೆಯ ತನಕ ನಡೆಯಿತು. ಹಬ್ಬದ ತನಕ ನಾನು ಅವನನ್ನು ಒಂದು ದಿನವೂ ಬಿಡದೆ ಎಬ್ಬಿಸಿದೆ. ಪತ್ನಿ ಕೆಲವು ದಿನ ಬೇಡವೆಂದಳು. ಅವಳ ಮಾತು ಮೀರಿದ್ದು ಸರಿಯೋ ತಪ್ಪೋ ಹೇಳಲಾರೆ.

ಜೂನ್ 8ರಿಂದ ಆರಾಧನಾಲಯಗಳನ್ನು ತೆರೆಯಲು ಅನುಮತಿ ದೊರೆತಾಗ ಮಸೀದಿಗೆ ಕರೆದೊಯ್ಯುವಿರಾ ಎಂದು ಕೇಳಿದ. ಕೇಳಿ ಬಂದು ಹೇಳುತ್ತೇನೆ ಎಂದೆ. ಹತ್ತು ವರ್ಷಕ್ಕಿಂತ ಕಿರಿಯರು ಮನೆಯಲ್ಲೇ ಇರಬೇಕೆಂಬ ಸೂಚನೆಯಿತ್ತು. ಬಂದು ಅದನ್ನೇ ಹೇಳಿದೆ. ಅಂದು ಅವನು ಅತ್ತ. ಮಂಜೇಶ್ವರಕ್ಕೆ ಹೋದದ್ದು ಆಗಸ್ಟ್ ಕೊನೆಯಲ್ಲಿ, ಅಂತಾರಾಜ್ಯ ಸಂಚಾರಕ್ಕೆ ರಾಜ್ಯ ಸರಕಾರ ವಿಧಿಸಿದ್ದ ನಿರ್ಬಂಧಗಳು ತೆರವಾದ ಮೇಲೆ. ಅಲ್ಲಾಹನ ಅನುಗ್ರಹದಿಂದ ಅತ್ತೆಯವರು ಬಾಗಿಲಲ್ಲೇ ನಿಂತಿದ್ದರು, ತುಂಬಾ ಇಳಿದುಹೋಗಿದ್ದರು.

ಇನ್ನು ಒಂದು ವಿಷಯ ಉಳಿದಿದೆ. ಆ ಬಟ್ಟೆಯ ಮಾತಿಗಾಗಿ ನಾನು ಅದೇ ರಾತ್ರಿ ಮಗನಲ್ಲಿ ಕ್ಷಮೆ ಕೇಳಿದ್ದೆ. ಅವನು “ಆಯಿತು” ಎಂದಿದ್ದ. ಉಡುಗೊರೆ ಕೊಡುವೆನೆಂಬ ಮಾತು ಕಾನೂನಿನ ದೃಷ್ಟಿಯಲ್ಲಿ ಸಾಲವಾಗುವುದಿಲ್ಲವೆಂದು ಹೆಚ್ಚಿನ ವಿದ್ವಾಂಸರು ಹೇಳುವುದನ್ನು ನಾನು ಬಲ್ಲೆ. ಆದರೆ ಮನುಷ್ಯರಿಗೆ ಸಂಬಂಧಿಸಿದ ತಪ್ಪನ್ನು ಆ ಮನುಷ್ಯರೇ ಕ್ಷಮಿಸಬೇಕೆಂಬುದನ್ನೂ ಬಲ್ಲೆ. ಪ್ರಾಯಕ್ಕೆ ಬಾರದ ಬಾಲಕ ತನ್ನ ಹಕ್ಕನ್ನು ಬಿಟ್ಟುಕೊಟ್ಟರೆ ಅದು ಸಿಂಧುವಲ್ಲವೆಂದು ಫಿಕ್ಹ್ ತರಗತಿಯಲ್ಲಿ ನಾನೇ ಮಕ್ಕಳಿಗೆ ಕಲಿಸುತ್ತೇನೆ. ಹಾಗಾದರೆ ನಿದ್ದೆಗಣ್ಣಿನ ಏಳು ವರ್ಷದವನ ಆ “ಆಯಿತು” ಎಂಬುದಕ್ಕೆ ಎಷ್ಟು ಬೆಲೆ? ಒಬ್ಬ ಹಿರಿಯ ವಿದ್ವಾಂಸರಲ್ಲಿ ಇದನ್ನು ಕೇಳಿದೆ. ಅವರು ನಕ್ಕು, ಅಷ್ಟೊಂದು ಸೂಕ್ಷ್ಮಕ್ಕೆ ಹೋಗಬೇಡಿ ಎಂದರು.

ಅವನಿಗೆ ಈಗ ಹನ್ನೆರಡು ದಾಟಿದೆ, ಧ್ವನಿ ಒಡೆಯುತ್ತಿದೆ. ಇನ್ನೊಂದೆರಡು ವರ್ಷಗಳಲ್ಲಿ ಅವನ ಮಾತು ಫಿಕ್ಹ್ ಪ್ರಕಾರವೂ ಮಾತಾಗುತ್ತದೆ. ಆಗ ಮತ್ತೊಮ್ಮೆ ಕೇಳಬೇಕೆಂದಿದ್ದೇನೆ. ಅವನಿಗೆ ಬಹುಶಃ ನೆನಪಿರಲಿಕ್ಕಿಲ್ಲ.